ಪಾಲಕ ಸಂತ ಅಂದ್ರೆ ಯಾರು? ಸಿಸ್ಟರ್ ಬೆನೆಡಿಕ್ಟಾ ಮತ್ತು ಸಂತ ವಾಲ್‌ಬುರ್ಗಾ

ಪಾಲಕ ಸಂತ ಅನ್ನೋ ಮಾತು ಚರ್ಚಿನ ವಾರ್ಷಿಕ ಹಬ್ಬದ ಬ್ಯಾನರ್‌ಗಳಲ್ಲಿ ಕಣ್ಣಿಗೆ ಬಿದ್ದಿರುತ್ತೆ. ಒಂದು ಊರಿಗೋ, ಕಸುಬಿಗೋ, ಮಠಕ್ಕೋ, ಒಬ್ಬ ವ್ಯಕ್ತಿಗೋ 'ಇವರು ನಮ್ಮವರು' ಅಂತ ಇರೋ ಸಂತರು, ನಮ್ಮ ಪರವಾಗಿ ದೇವರ ಹತ್ರ ಬೇಡಿಕೊಳ್ಳೋರು. ಸಂತರನ್ನ ದೇವರ ಜಾಗದಲ್ಲಿ ಕೂರಿಸೋದಲ್ಲ ಇದು, ಪ್ರಾರ್ಥನೆಗೆ ಜೊತೆಗೆ ಕರ್ಕೊಳ್ಳೋದು. ಇಷ್ಟು ತುಂಬಾ ಜನಕ್ಕೆ ಗೊತ್ತು. ಆದ್ರೆ ಇದು ಅರ್ಧ ಅರ್ಥ ಅಷ್ಟೇ ಅಂತ ನನಗನ್ಸುತ್ತೆ, ಆ ಸಂತರು ಬದುಕಿದ ರೀತಿಯನ್ನ ನಮ್ಮ ಬದುಕಿಗೆ ಅಳತೆಗೋಲು ಮಾಡ್ಕೊಳ್ಳೋದು ಇನ್ನರ್ಧ. ಇದು ಸಿಸ್ಟರ್ ಬೆನೆಡಿಕ್ಟಾ ರೀಪ್ ಅವರ ಕಥೇಲಿ ಕಾಣೋಷ್ಟು ಚೆನ್ನಾಗಿ ನನಗೆ ಬೇರೆ ಎಲ್ಲೂ ಕಂಡಿಲ್ಲ.

ಬೆನೆಡಿಕ್ಟಾ ಹುಟ್ಟಿದ್ದು 1825ರಲ್ಲಿ, ಜರ್ಮನಿಯ ಬವೇರಿಯಾದ ವಾಲ್ ಅನ್ನೋ ಊರಲ್ಲಿ. 1844ರಲ್ಲಿ ಐಖ್‌ಶ್ಟೆಟ್ ಪಟ್ಟಣದ ಸಂತ ವಾಲ್‌ಬುರ್ಗಾ ಮಠ ಸೇರಿದ್ರು. 1035ರಿಂದ ಇರೋ ಬೆನೆಡಿಕ್ಟೈನ್ ಕನ್ಯಾಸ್ತ್ರೀಯರ ಮಠ ಅದು. ಬೆನೆಡಿಕ್ಟೈನ್ ಅಂದ್ರೆ 6ನೇ ಶತಮಾನದ ಇಟಲಿಯ ಸಂತ ಬೆನೆಡಿಕ್ಟ್ ಬರೆದ ನಿಯಮದ ಪ್ರಕಾರ ಪ್ರಾರ್ಥನೆ, ದುಡಿಮೆ, ಓದು ಮಾಡ್ಕೊಂಡು ಒಟ್ಟಿಗೆ ಬಾಳೋರು (ಬೆಂಗಳೂರಿನ ಕುಂಬಳಗೋಡು ಹತ್ರ ಇರೋ ಆಶೀರ್ವನಂ ಕೂಡ ಇದೇ ಪರಂಪರೆಯ ಮಠ, ಅದು ಗಂಡಸರದ್ದು). ಇವರ ಪ್ರತಿಜ್ಞೆಗಳಲ್ಲಿ ಒಂದು, ಸೇರಿದ ಮಠದಲ್ಲೇ ಕೊನೇತನಕ ನಿಲ್ಲೋದು.

ಆ ಮಠದಲ್ಲಿ ವಾಲ್‌ಬುರ್ಗಾ ಬರೀ ಹೆಸರಲ್ಲ. ಅವರ ಸಮಾಧಿ ಇರೋದೇ ಅಲ್ಲಿ. ಅಕ್ಟೋಬರ್ 12ರಿಂದ ಫೆಬ್ರವರಿ 25ರ ತನಕ, ಅವರ ಅಸ್ಥಿ ಇಟ್ಟಿರೋ ಕಲ್ಲಿನ ಕೆಳಗೆ ಹನಿ ಹನಿಯಾಗಿ ತಿಳಿಯಾದ ದ್ರವ ಕೂಡುತ್ತೆ, ಹೆಸರಿಗೆ ವಾಲ್‌ಬುರ್ಗಾ ಎಣ್ಣೆ ಅಂತಾರೆ, ನೋಡೋಕೆ ನೀರಿನ ಥರಾನೇ. ಸಿಸ್ಟರ್‌ಗಳು ಅದನ್ನ ಹಿಡಿದು ಚಿಕ್ಕ ಚಿಕ್ಕ ಗಾಜಿನ ಬಾಟಲಿಗೆ ತುಂಬಿ, ಕಾಯಿಲೆ ಬಿದ್ದೋರಿಗೆ ಅಂತ ಬಂದ ಭಕ್ತರಿಗೆ ಕೊಡ್ತಾರೆ. ಚಿತ್ರಗಳಲ್ಲೂ ವಾಲ್‌ಬುರ್ಗಾ ಕೈಲಿ ಒಂದು ಪುಟ್ಟ ಶೀಶೆ ಇರುತ್ತೆ.

ಈ ವಾಲ್‌ಬುರ್ಗಾ ಜರ್ಮನಿಯವರೇ ಅಲ್ಲ! 710ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹುಟ್ಟಿ, ವಿಂಬೋರ್ನ್ ಮಠದಲ್ಲಿ ಬೆಳೆದೋರು. ಜರ್ಮನಿಯಲ್ಲಿ ಧರ್ಮಪ್ರಚಾರ ಮಾಡ್ತಿದ್ದ ಸಂತ ಬೋನಿಫೇಸ್ ಅಲ್ಲಿಂದ ಕನ್ಯಾಸ್ತ್ರೀಯರನ್ನ ಕಳಿಸಿ ಅಂತ ಕೇಳಿದಾಗ ಸಮುದ್ರ ದಾಟಿ ಬಂದ್ರು. ಅಣ್ಣ ವಿನ್ನಿಬಾಲ್ಡ್ ಹೈಡೆನ್‌ಹೈಮ್‌ನಲ್ಲಿ ಮಠ ಕಟ್ಟಿದ್ರು, 761ರಲ್ಲಿ ಅವರು ತೀರಿಕೊಂಡ ಮೇಲೆ ಮಠದ ಹೊಣೆ ಪೂರ್ತಿ ವಾಲ್‌ಬುರ್ಗಾ ಹೆಗಲಿಗೆ ಬಂತು, ಸನ್ಯಾಸಿನಿಯರದ್ದಷ್ಟೇ ಅಲ್ಲ, ಗಂಡಸು ಸನ್ಯಾಸಿಗಳದ್ದೂ. ಪರದೇಶದಿಂದ ಬಂದ ಒಬ್ಬ ಹೆಂಗಸು 8ನೇ ಶತಮಾನದಲ್ಲಿ ಹೀಗೆ ಮಠ ನಡೆಸಿದ್ರು ಅನ್ನೋದನ್ನ ಮರೀಬೇಡಿ, ಮುಂದೆ ಬೇಕಾಗುತ್ತೆ.

1846ರಲ್ಲಿ ಬವೇರಿಯಾದ ಒಬ್ಬ ಸನ್ಯಾಸಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿ ಮಠ ಕಟ್ಟಿದ್ರು. ಅವರ ಹೆಸರೂ ಬೋನಿಫೇಸ್, ಬೋನಿಫೇಸ್ ವಿಮ್ಮರ್. ವಲಸೆ ಹೋದ ಜರ್ಮನ್ ಕುಟುಂಬಗಳ ಮಕ್ಕಳಿಗೆ ಪಾಠ ಹೇಳೋಕೆ ಸಿಸ್ಟರ್‌ಗಳು ಬೇಕು ಅಂತ ಅವರು ಐಖ್‌ಶ್ಟೆಟ್‌ಗೆ ಕೇಳಿದ್ರು. ಒಂದೇ ಮಠದಲ್ಲಿ ನಿಲ್ತೀನಿ ಅಂತ ಪ್ರತಿಜ್ಞೆ ಮಾಡಿದ್ದ ಬೆನೆಡಿಕ್ಟಾ ಇನ್ನಿಬ್ಬರ ಜೊತೆ 1852ರಲ್ಲಿ ಹಡಗು ಹತ್ತಿದ್ರು, ಜೊತೇಲಿದ್ದ ಒಬ್ಬರ ಹೆಸರು ವಾಲ್‌ಬುರ್ಗಾ ಅಂತಾನೇ. ಜುಲೈನಲ್ಲಿ ಸೇಂಟ್ ಮೇರೀಸ್ ಅನ್ನೋ ಕಾಡಂಚಿನ ಊರಿಗೆ ಬಂದ್ರು. ಅಮೆರಿಕದ ಮೊದಲ ಬೆನೆಡಿಕ್ಟೈನ್ ಕನ್ಯಾಸ್ತ್ರೀ ಮಠ ಶುರುವಾಗಿದ್ದು ಅಲ್ಲೇ. ಚಳಿ, ಬಡತನ, ಕಾಯಿಲೆ ಎಲ್ಲಾ ಇತ್ತು, ಅದರ ನಡುವೆನೇ ಶಾಲೆನೂ ನಡೀತು, 1856ರಲ್ಲಿ ಈರಿ, ಮರುವರ್ಷ ನ್ಯೂಆರ್ಕ್ ಅಂತ ಹೊಸ ಮಠಗಳೂ ಎದ್ವು.

ಕಷ್ಟ ಬಂದಿದ್ದು ಬೇರೆ ಕಡೆಯಿಂದ. ಯಾರನ್ನ ಮಠಕ್ಕೆ ಸೇರಿಸ್ಕೋಬೇಕು, ಎಲ್ಲಿ ಹೊಸ ಮಠ ತೆಗೀಬೇಕು, ಸಿಸ್ಟರ್‌ಗಳಿಗೆ ಅಂತ ಬವೇರಿಯಾದಿಂದ ಬಂದ ದುಡ್ಡನ್ನ ಯಾರು ಖರ್ಚು ಮಾಡ್ಬೇಕು, ಎಲ್ಲದರಲ್ಲೂ ವಿಮ್ಮರ್ ಅಧಿಕಾರ ತನ್ನದು ಅಂದ್ರು. ಬೆನೆಡಿಕ್ಟಾ ಒಪ್ಪಲಿಲ್ಲ, ಮಠದ ಒಳಗಿನ ಆಡಳಿತ ಸಿಸ್ಟರ್‌ಗಳದ್ದೇ ಅಂತ ಪಟ್ಟು ಹಿಡಿದ್ರು. ಕೆಲವರು ಇದನ್ನ ಅವಿಧೇಯತೆ ಅಂದ್ರು, ನಾನಂತೂ ಹಾಗೆ ಅನ್ನಲ್ಲ. ಗಂಡಸರ ಮಠವನ್ನೂ ಸೇರಿಸಿ ಆಳಿದ ವಾಲ್‌ಬುರ್ಗಾ ಸಮಾಧಿ ಪಕ್ಕದಲ್ಲಿ ಎಂಟು ವರ್ಷ ಪ್ರಾರ್ಥನೆ ಮಾಡಿ ಬಂದೋರು ಅವರು, ಹೆಂಗಸರ ಮಠವನ್ನ ಹೆಂಗಸರು ನಡೆಸೋದು ಅವರಿಗೆ ಹೊಸ ಬೇಡಿಕೆನೇ ಅಲ್ಲ, ಹಳೇ ಪರಂಪರೆ. ಪಾಲಕ ಸಂತೆ ಅಳತೆಗೋಲು ಆಗೋದು ಅಂದ್ರೆ ನನ್ನ ಪ್ರಕಾರ ಇದೇ.

1857ರಲ್ಲಿ ಪೋಪ್ ತನಕ ದೂರು ಒಯ್ಯೋಣ ಅಂತ ಯುರೋಪಿಗೆ ಹೋದ್ರು, ಭೇಟಿ ಆಗ್ಲಿಲ್ಲ. ವಾಪಸ್ ಬಂದಾಗ ತಾವೇ ಕಟ್ಟಿದ ಮಠಗಳಲ್ಲಿ ಮುಖ್ಯಸ್ಥೆ ಸ್ಥಾನ ಇರ್ಲಿಲ್ಲ. ಮಿನ್ನೆಸೋಟಾದ ಸೇಂಟ್ ಕ್ಲೌಡ್‌ನ ಸಿಸ್ಟರ್‌ಗಳು ಜಾಗ ಕೊಟ್ರು, ಕ್ಷಯರೋಗದಿಂದ 1862ರ ಮಾರ್ಚ್ 15ರಂದು ಅಲ್ಲೇ ತೀರಿಕೊಂಡ್ರು, 36 ವರ್ಷ ಅಷ್ಟೇ. ರೋಮ್‌ನಿಂದ 1859ರಲ್ಲಿ ಬಂದ ತೀರ್ಪು ಅಮೆರಿಕದ ಈ ಮಠಗಳನ್ನ ಐಖ್‌ಶ್ಟೆಟ್‌ನಿಂದ ಬೇರೆ ಮಾಡಿ ಸ್ಥಳೀಯ ಬಿಷಪ್‌ಗಳ ಕೈಗೆ ಕೊಟ್ಟಿತ್ತು, ಅಂದ್ರೆ ಅವರು ಕೇಳಿದ್ದು ಅವರಿದ್ದಾಗ ಸಿಗಲಿಲ್ಲ. ಆದ್ರೆ ಅದೇ ಸೇಂಟ್ ಕ್ಲೌಡ್ ಗುಂಪು 1863ರಲ್ಲಿ ಹತ್ತಿರದ ಸೇಂಟ್ ಜೋಸೆಫ್‌ಗೆ ಹೋಗಿ, ಮುಂದಿನ ಶತಮಾನದಲ್ಲಿ ಸಾವಿರಕ್ಕೂ ಹೆಚ್ಚು ಸಿಸ್ಟರ್‌ಗಳ ಮಠವಾಗಿ ಬೆಳೀತು. 1935ರಲ್ಲಿ ಐಖ್‌ಶ್ಟೆಟ್‌ನಿಂದ ಇನ್ನೊಮ್ಮೆ ಮೂವರು ಸಿಸ್ಟರ್‌ಗಳು ಅಮೆರಿಕಕ್ಕೆ ಬಂದ್ರು, ನಾಜಿಗಳ ಕಾಲ ಅದು, ಅವರು ಕೊಲೊರಾಡೋದಲ್ಲಿ ಶುರು ಮಾಡಿದ ಮಠದ ಹೆಸರೂ ಸಂತ ವಾಲ್‌ಬುರ್ಗಾ ಮಠ.