ಜಗಲಿ ಹತ್ತಲಾಗದ ಸೈನಿಕ ಮತ್ತು ಶೇಕಡಾವಾರು ಲೆಕ್ಕ

ಸಕಲೇಶಪುರ, ಆಲೂರು ಕಡೆಯ ಹಳೆಯ ಮನೆಗಳು ಮಳೆಗೆ ಹೆದರಿ ಎದ್ದವು: ಎರಡೂವರೆ ಅಡಿ ಎತ್ತರದ ಜಗಲಿ, ದಾಟಿದರೆ ಹೊಸ್ತಿಲು, ಬಚ್ಚಲು ಹಿತ್ತಲಿನಲ್ಲಿ. ಸಾರ್ವಜನಿಕ ಕಟ್ಟಡಗಳಿಗೆ ಕೇಂದ್ರ ಸರ್ಕಾರ ಹೇಳಿರುವ 1:12ರ ಇಳಿಜಾರನ್ನು (ಒಂದು ಅಡಿ ಏರಲು 12 ಅಡಿ ಉದ್ದ) ಇಲ್ಲಿಗೂ ಅನ್ವಯಿಸಿದರೆ, ಗಾಲಿಕುರ್ಚಿಯೊಂದು ಆ ಜಗಲಿಯನ್ನು ಏರಲು 30 ಅಡಿ ಉದ್ದದ ದಾರಿ ಬೇಕು. ಆಷಾಢದಲ್ಲಿ ಅದರ ಮೇಲೆ ಪಾಚಿ ಕಟ್ಟುವುದು ಬೇರೆಯೇ ಮಾತು. ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಊರಿಗೆ ಮರಳಿದ ಸೈನಿಕನಿಗೆ ಈ ದಾರಿಯನ್ನು ಯಾರು ಮಾಡಿಸಿಕೊಡಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಬಹುಕಾಲ ಪಿಂಚಣಿಯ ಬಾಲವಾಗಿಯೇ ಉಳಿಯಿತು.

ಗಾಯಗೊಂಡ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಕ್ವೀನ್ ಮೇರಿಸ್ ತಾಂತ್ರಿಕ ಸಂಸ್ಥೆ ಹುಟ್ಟಿ, ಮುಂದೆ ಪುಣೆಯ ಖಡಕಿಗೆ ಹೋಯಿತು. 1944ರಲ್ಲಿ ಪುಣೆಯಲ್ಲಿಯೇ ಕೃತಕ ಅಂಗ ಕೇಂದ್ರ ಬಂದಿತು. 1974ರಲ್ಲಿ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲಿನ ಸ್ವಾಧೀನ ಕಳೆದುಕೊಂಡ ಸೈನಿಕರು ಉಳಿದುಕೊಳ್ಳುವ ಪುನರ್ವಸತಿ ಕೇಂದ್ರ ಆರಂಭವಾಯಿತು. ಕೈಗೆ ಕೆಲಸ, ಕಾಲಿಗೆ ಕಾಲು, ಎರಡೂ ಸಾಲದವರಿಗೆ ಆಶ್ರಯ ಸಿಕ್ಕಿತಾದರೂ, ಅವರು ಹೊರಟು ಬಂದ ಮನೆ ಇದ್ದಂತೆಯೇ ಇತ್ತು. ಅಮೆರಿಕದ 1948ರ ಕಾಯ್ದೆ ಇದಕ್ಕಿಂತ ಭಿನ್ನವಾಗಿ ಯೋಚಿಸಿತು: ಸೇವೆಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲು ಸ್ವಾಧೀನ ತಪ್ಪಿದವರಿಗೆ ಮನೆ ಕಟ್ಟಲು ಅಥವಾ ಮಾರ್ಪಡಿಸಲು ಅರ್ಧ ವೆಚ್ಚವನ್ನು, 10,000 ಡಾಲರಿನ ಮಿತಿಯಲ್ಲಿ, ಸರ್ಕಾರವೇ ಕೊಟ್ಟಿತು.

ನಮ್ಮಲ್ಲಿ ಜಗಳ ನಡೆದದ್ದು ವೈಕಲ್ಯದ ಶೇಕಡಾವಾರಿನ ಮೇಲೆ. ಅಂಗವೈಕಲ್ಯ ಪಿಂಚಣಿಗೆ ಕನಿಷ್ಠ ಶೇ. 20 ವೈಕಲ್ಯ ಇರಬೇಕು, ಅದು ಸೇವೆಯಿಂದ ಉಂಟಾದದ್ದು ಅಥವಾ ಉಲ್ಬಣಿಸಿದ್ದು ಎಂದು ಒಪ್ಪಿಗೆಯಾಗಬೇಕು. ಸೇರುವಾಗ ದಾಖಲಾಗದ ಕಾಯಿಲೆಯನ್ನು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದ ಮೇಲೆ ಹಲವರ ಹಾದಿ ಸುಗಮವಾಯಿತು. ಶೇ. 50ಕ್ಕಿಂತ ಕಡಿಮೆಯನ್ನು 50 ಎಂದೂ, 75ರವರೆಗಿನದನ್ನು 75 ಎಂದೂ, ಅದಕ್ಕೆ ಮೇಲಿನದನ್ನು 100 ಎಂದೂ ಪರಿಗಣಿಸುವ ಪದ್ಧತಿ 1996ರಿಂದ ವೈದ್ಯಕೀಯ ಕಾರಣಕ್ಕೆ ಹೊರಬಂದವರಿಗೆ ಇತ್ತು. 2014ರ ರಾಮ್ ಅವತಾರ್ ತೀರ್ಪು ಅದನ್ನು ಪೂರ್ಣ ಸೇವೆ ಮುಗಿಸಿ ನಿವೃತ್ತರಾದವರಿಗೂ ವಿಸ್ತರಿಸಿತು. ಇವೆಲ್ಲ ದೊಡ್ಡ ಗೆಲುವುಗಳೇ, ಆದರೆ ಗೆದ್ದದ್ದು ಪಿಂಚಣಿಯ ಮೊತ್ತ.

ಮನೆಯ ಹೆಸರಿನಲ್ಲಿ, ಮಾಜಿ ಸೈನಿಕರ ಕ್ಷೇಮ ನೋಡಿಕೊಳ್ಳುವ ಕೇಂದ್ರೀಯ ಸೈನಿಕ ಮಂಡಳಿ ಕೊಡುತ್ತ ಬಂದದ್ದು ದುರಸ್ತಿ ಧನಸಹಾಯ: ಹವಾಲ್ದಾರ್ ದರ್ಜೆಯವರೆಗಿನ, ಶೇ. 100 ವೈಕಲ್ಯವಿರುವ ಮಾಜಿ ಸೈನಿಕರಿಗೆ 20,000 ರೂಪಾಯಿ. ದುರಸ್ತಿ ಎಂದರೆ ಸೋರುವ ಮಾಡು, ಬಿರಿದ ಗೋಡೆ. ಬಾಗಿಲು ಅಗಲಿಸುವುದು, ಬಚ್ಚಲನ್ನು ಒಳಗೆ ತರುವುದು ಬೇರೆಯೇ ಕೆಲಸ. ಶೇ. 70ರವನ ಗಾಲಿಕುರ್ಚಿಗೂ 100ರವನ ಗಾಲಿಕುರ್ಚಿಗೂ ಹೊಸ್ತಿಲು ಒಂದೇ ಎತ್ತರದ್ದಲ್ಲವೇ? 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇ. 40ರ ಗಡಿ ಇಟ್ಟುಕೊಂಡು, ಸೈನಿಕ, ನಾಗರಿಕ ಎಂಬ ಭೇದವಿಲ್ಲದೆ ವಸತಿ ಯೋಜನೆಗಳಲ್ಲಿ ಶೇ. 5 ಮೀಸಲು ನೀಡುತ್ತದೆ. ಆ ಮೀಸಲು ಹೊಸದಾಗಿ ಹಂಚುವ ಮನೆಗೆ. ಅಜ್ಜನ ಕಾಲದ ಜಗಲಿಯ ಮುಂದೆ ಹಾಕಬೇಕಾದ 30 ಅಡಿಗೆ ಅಲ್ಲ.