ಪಾಪ್‌ಅಪ್ ಹಿಂದೆ ಹೋಯಿತೆಂದು ಒಂಬತ್ತು ಸೇರಿಸಬೇಡಿ

ಪಾಪ್‌ಅಪ್ ಹೆಡರ್‌ನ ಹಿಂದೆ ಸಿಕ್ಕಿಕೊಂಡಿದೆ ಎಂದು ದೂರು ಬರುತ್ತದೆ. ಕೋಡ್ ತೆರೆದರೆ 999 ಇದ್ದ ಝಡ್-ಇಂಡೆಕ್ಸ್ (ಯಾವುದು ಯಾವುದರ ಮೇಲೆ ಕಾಣಬೇಕೆಂದು ಹೇಳುವ ಸಿಎಸ್‌ಎಸ್ ಸಂಖ್ಯೆ) 9999 ಆಗಿರುತ್ತದೆ, ಮುಂದಿನ ಕಮಿಟ್‌ನಲ್ಲಿ 99999. ಕೆಲವರು 2147483647ಕ್ಕೆ ಹೋಗಿ ನಿಂತಿರುತ್ತಾರೆ, 32 ಬಿಟ್‌ನಲ್ಲಿ ಅದಕ್ಕಿಂತ ಮುಂದೆ ಜಾಗವಿಲ್ಲ. ಪಾಪ್‌ಅಪ್ ಮಾತ್ರ ಅಲ್ಲೇ ಇರುತ್ತದೆ.

ಆ ಸಂಖ್ಯೆ ಇಡೀ ಪುಟಕ್ಕೆ ಲೆಕ್ಕವಲ್ಲ, ತಾನಿರುವ ಸ್ಟ್ಯಾಕಿಂಗ್ ಕಾಂಟೆಕ್ಸ್ಟ್‌ನೊಳಗೆ, ಅಂದರೆ ಒಟ್ಟಾಗಿಯೇ ಮೇಲೆ ಕೆಳಗೆ ಹೋಗುವ ಪದರಗಳ ಗುಂಪಿನೊಳಗೆ, ಮಾತ್ರ ಅದಕ್ಕೆ ಬೆಲೆ. ನೆಲಮಹಡಿಯ ಕೋಣೆಯಲ್ಲಿ ಅಟ್ಟದ ಮೇಲೆ ಅಟ್ಟ ಕಟ್ಟಿದರೂ ಮೊದಲ ಮಹಡಿಗಿಂತ ಮೇಲೆ ಹೋಗಲಾಗದು. ಪಾಪ್‌ಅಪ್ ಇರುವ ಕಾರ್ಡ್‌ನ ಝಡ್-ಇಂಡೆಕ್ಸ್ 1, ಹೆಡರ್‌ನದು 2 ಎಂದುಕೊಳ್ಳಿ. ಪೈಪೋಟಿ ಈ 1 ಮತ್ತು 2ರ ನಡುವೆ. ಒಳಗಿನ 99999ನ್ನು ಯಾರೂ ಕೇಳುವುದಿಲ್ಲ. ಕಾರ್ಡ್‌ಗೆ ಝಡ್-ಇಂಡೆಕ್ಸ್ ಬರೆಯದಿದ್ದರೂ ಇದೇ ಪಾಡು: ಒಪ್ಯಾಸಿಟಿ 0.99 ಇರಲಿ, ಟ್ರಾನ್ಸ್‌ಫಾರ್ಮ್ ಇರಲಿ, ಫಿಲ್ಟರ್ ಇರಲಿ, ಹೊಸ ಕಾಂಟೆಕ್ಸ್ಟ್ ಹುಟ್ಟುತ್ತದೆ. ಹೋವರ್‌ಗೆಂದು ಯಾರೋ ಹಾಕಿದ ಪುಟ್ಟ ಅನಿಮೇಷನ್ ಸಾಕು.

ಟ್ರಾನ್ಸ್‌ಫಾರ್ಮ್‌ನದು ಇನ್ನೊಂದು ಚೇಷ್ಟೆ. ಅದರೊಳಗಿನ ಪೊಸಿಷನ್ ಫಿಕ್ಸೆಡ್ ಪರದೆಗೆ ಅಂಟದೆ ಆ ಕಾರ್ಡ್‌ಗೇ ಅಂಟುತ್ತದೆ. ಪಾಪ್‌ಅಪ್ ತೆರೆದಾಗ ಇಡೀ ಪರದೆ ಮಬ್ಬಾಗುವ ಬದಲು ಕಾರ್ಡ್ ಅಷ್ಟೇ ಮಬ್ಬಾದರೆ ಕಾರಣ ಬಹುತೇಕ ಇದೇ. ಬ್ರೌಸರ್‌ನ ಡೆವ್‌ಟೂಲ್ಸ್‌ನಲ್ಲಿ ಪಾಪ್‌ಅಪ್‌ನಿಂದ ಒಂದೊಂದೇ ಪೇರೆಂಟ್ (ಅದನ್ನು ಸುತ್ತುವರಿದ ಎಲಿಮೆಂಟ್) ಮೇಲೆ ಹತ್ತುತ್ತಾ ಈ ಪ್ರಾಪರ್ಟಿಗಳ ಟಿಕ್ ತೆಗೆದು ನೋಡಿ, ಕಳ್ಳ ಸಿಗುತ್ತಾನೆ.

ಹೊಸದಾಗಿ ಕಟ್ಟುವವರಿಗೆ ಈ ಗೋಜೇ ಬೇಡ. ಪಾಪ್‌ಅಪ್‌ಗೆಂದೇ ಇರುವ ಎಚ್‌ಟಿಎಂಎಲ್‌ನ ಡೈಲಾಗ್ ಎಲಿಮೆಂಟ್ 2022ರ ಮಾರ್ಚ್‌ನಿಂದ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ಇದೆ. ಅದರ ಶೋಮೋಡಲ್ ಮೆಥಡ್ ಕರೆದರೆ ಅದು ಟಾಪ್ ಲೇಯರ್, ಅಂದರೆ ಇಡೀ ಪುಟದ ಮೇಲಿನ ಪದರ, ಸೇರುತ್ತದೆ, ಅಲ್ಲಿ ಪೇರೆಂಟ್‌ನ ಝಡ್-ಇಂಡೆಕ್ಸ್, ಓವರ್‌ಫ್ಲೋ ಯಾವುದರ ಆಟವೂ ನಡೆಯದು. (ಪೇರೆಂಟ್‌ಗೆ display: none ಇದ್ದರೆ ಮಾತ್ರ ಏನೂ ಕಾಣದು.) ಎಸ್ಕೇಪ್ ಒತ್ತಿದರೆ ಮುಚ್ಚುವುದು, ಹಿಂದಿನ ಪುಟ ಕ್ಲಿಕ್‌ಗೆ ಸಿಗದಿರುವುದು, ಮುಚ್ಚಿದ ಮೇಲೆ ಫೋಕಸ್ ಮೊದಲಿದ್ದ ಬಟನ್‌ಗೆ ಮರಳುವುದು, ಎಲ್ಲ ಪುಕ್ಕಟೆ. ಆದರೆ ಓಪನ್ ಆಟ್ರಿಬ್ಯೂಟ್ ಬರೆದು ತೆರೆಯುವವರಿಗೆ ಇದೊಂದೂ ದಕ್ಕುವುದಿಲ್ಲ.

ಹಳೆಯ ಪ್ರಾಜೆಕ್ಟ್‌ಗೆ ಇದನ್ನು ತರುವಾಗ ಸ್ವಲ್ಪ ಹುಷಾರು. ದಿನಾಂಕ ಆರಿಸಲು ಬಳಸುವ ಬಹಳಷ್ಟು ಡೇಟ್‌ಪಿಕರ್ ಲೈಬ್ರರಿಗಳು ಕ್ಯಾಲೆಂಡರನ್ನು ಬಾಡಿಯ ಕೊನೆಗೆ ಸೇರಿಸುತ್ತವೆ. ಡೈಲಾಗ್ ಟಾಪ್ ಲೇಯರ್‌ನಲ್ಲಿರುವುದರಿಂದ ಕ್ಯಾಲೆಂಡರ್ ಅದರ ಹಿಂದೆ ಉಳಿಯುತ್ತದೆ, ಆಗ ಮತ್ತೆ ಒಂಬತ್ತುಗಳ ಮೆರವಣಿಗೆ ಶುರು! ಪ್ರಯೋಜನವಿಲ್ಲ. ಲೈಬ್ರರಿಯಲ್ಲಿ ಕಂಟೇನರ್ ಆಯ್ಕೆ ಇದ್ದರೆ ಅಲ್ಲಿ ಡೈಲಾಗನ್ನೇ ಕೊಡಿ. ಕೆಲ ಕ್ಷಣ ಕಾಣಿಸಿ ಮರೆಯಾಗುವ ಟೋಸ್ಟ್ ಸಂದೇಶಗಳಿಗೂ ಇದೇ ಮಾತು. ಪಾಪೋವರ್ ಆಟ್ರಿಬ್ಯೂಟ್ ಕೊಟ್ಟು ಟೋಸ್ಟನ್ನೂ ಟಾಪ್ ಲೇಯರ್‌ಗೆ ತಂದರೆ ಕಾಣುತ್ತದೆ, ಆದರೆ ಡೈಲಾಗ್‌ನ ಹೊರಗಿದ್ದರೆ ಟೋಸ್ಟ್‌ನೊಳಗಿನ ‘ರದ್ದುಮಾಡಿ’ ಬಟನ್ ಒತ್ತಲಾಗದು.

ಹೊರಗೆ ಕ್ಲಿಕ್ ಮಾಡಿದರೆ ಮುಚ್ಚಬೇಕೆಂಬುದು ಎಲ್ಲ ಗ್ರಾಹಕರ ಬೇಡಿಕೆ. ಡೈಲಾಗ್‌ನ ಪ್ಯಾಡಿಂಗ್ 0 ಮಾಡಿ, ಒಳಗಿನದನ್ನೆಲ್ಲ ಒಂದು ಡಿವ್‌ನಲ್ಲಿಟ್ಟು, ಕ್ಲಿಕ್‌ನ ಟಾರ್ಗೆಟ್ ಡೈಲಾಗೇ ಆಗಿದ್ದರೆ (ಹೊರಗಿನ ಮಬ್ಬಿನ ಮೇಲಿನ ಕ್ಲಿಕ್ ಹಾಗೆಯೇ ಬರುತ್ತದೆ) ಮುಚ್ಚುವುದು ವಾಡಿಕೆ. ಇಲ್ಲೊಂದು ಅಪಾಯವಿದೆ. ಬಳಕೆದಾರ ವಿಳಾಸದ ಅಕ್ಷರಗಳನ್ನು ಮೌಸ್‌ನಿಂದ ಎಳೆದು ಆಯ್ಕೆಮಾಡುತ್ತಾ ಹೊರಗೆ ಜಾರಿ ಕೈಬಿಟ್ಟರೆ ಅದೂ ಡೈಲಾಗ್ ಮೇಲಿನ ಕ್ಲಿಕ್ ಎಂದೇ ಬರುತ್ತದೆ. ಪಾಪ್‌ಅಪ್ ಪಟ್ಟನೆ ಮುಚ್ಚುತ್ತದೆ, ತುಂಬಿದ ಫಾರ್ಮ್ ಹೋಯಿತು. ಪಾಯಿಂಟರ್‌ಡೌನ್ (ಮೌಸ್ ಒತ್ತಿದ ಕ್ಷಣದ ಇವೆಂಟ್) ಎಲ್ಲಾಯಿತೆಂದು ನೆನಪಿಟ್ಟು, ಅದೂ ಡೈಲಾಗ್ ಮೇಲೇ ಆಗಿದ್ದರೆ ಮಾತ್ರ ಮುಚ್ಚಿ. ಫಾರ್ಮ್ ನಾಲ್ಕು ಸಾಲಿಗಿಂತ ಉದ್ದವಿದ್ದರೆ ಆ ಸೌಕರ್ಯವನ್ನೇ ಕೊಡಬೇಡಿ, ಒಂದು ರದ್ದು ಬಟನ್ ಸಾಕು.