ಬಾಗುವ ಅಮೃತಶಿಲೆ: ಆಲ್ಟೊ ಅವರ ಬಿಳಿ ಕಟ್ಟಡಕ್ಕೆ ಮೂರನೇ ಹೊದಿಕೆ ಯಾಕೆ?

ಫಿನ್‌ಲ್ಯಾಂಡ್ ರಾಜಧಾನಿ ಹೆಲ್ಸಿಂಕಿಯ ಫಿನ್‌ಲ್ಯಾಂಡಿಯಾ ಹಾಲ್ ಎಂಬ ಸಂಗೀತ ಮತ್ತು ಸಭಾಭವನ ದೊಡ್ಡ ದುರಸ್ತಿ ಮುಗಿಸಿಕೊಂಡು 2025ರ ಆರಂಭದಲ್ಲಿ ಮತ್ತೆ ಬಾಗಿಲು ತೆರೆಯಿತು. ಅದರ ಹೊರಗೋಡೆಗೆ ಈಗ ಹೊಸ ಅಮೃತಶಿಲೆ ಇದೆ. ಕಟ್ಟಡಕ್ಕೆ ಇನ್ನೂ ಅರವತ್ತು ತುಂಬಿಲ್ಲ, ಆಗಲೇ ಇದು ಮೂರನೇ ಸಲದ ಕಲ್ಲು. ಅಷ್ಟೊಂದು ಕಷ್ಟ ಕೊಡುವ ಕಲ್ಲನ್ನು ಬಿಟ್ಟು ಬೇರೆ ಏನಾದರೂ ಹಾಕಬಾರದಾ ಎಂದು ಕೇಳುವವರು ತುಂಬಾ ಜನ. ಉತ್ತರ ಅಷ್ಟು ಸುಲಭವಿಲ್ಲ.

ಈ ಕಟ್ಟಡದ ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ ಹುಟ್ಟಿದ್ದು 1898ರಲ್ಲಿ, ಕುವೊರ್ಟಾನೆ ಎಂಬ ಊರಲ್ಲಿ. ಪೈಮಿಯೊದ ಕ್ಷಯರೋಗ ಆಸ್ಪತ್ರೆ, ವೀಪುರಿಯ ಗ್ರಂಥಾಲಯ, ಬಗ್ಗಿಸಿದ ಮರದ ಕುರ್ಚಿಗಳು, ಸೈನಾಟ್ಸಾಲೊದ ಕೆಂಪು ಇಟ್ಟಿಗೆಯ ಪುರಭವನ, ಹೀಗೆ ಸಾಗಿದ ಬದುಕು ಅವರದು. ಆಧುನಿಕ ಕಟ್ಟಡ ಎಂದರೆ ಬರೀ ಕಾಂಕ್ರೀಟು, ಗಾಜು ಎನ್ನುತ್ತಿದ್ದ ಕಾಲದಲ್ಲಿ ಮರ, ಇಟ್ಟಿಗೆ, ಬೆಳಕನ್ನು ಅವರು ಕೈಬಿಡಲಿಲ್ಲ. ಇಟಲಿಯ ಮೇಲಂತೂ ಜಾಸ್ತಿ ಪ್ರೀತಿ. 1924ರಲ್ಲಿ ಐನೊ ಅವರನ್ನು ಮದುವೆಯಾದ ಹೊಸದರಲ್ಲಿ ಇಬ್ಬರೂ ಹೋಗಿದ್ದು ಅಲ್ಲಿಗೇ. ಮೆಡಿಟರೇನಿಯನ್ ಕಡಲಿನ ಆ ಬಿಳುಪನ್ನು ತಮ್ಮ ದೇಶಕ್ಕೆ ತರಬೇಕೆಂಬ ಆಸೆ ಕೊನೆಯವರೆಗೂ ಉಳಿದಿತ್ತು.

1971ರಲ್ಲಿ ಉದ್ಘಾಟನೆಯಾದ ಫಿನ್‌ಲ್ಯಾಂಡಿಯಾ ಹಾಲ್ ಆ ಆಸೆಯ ಫಲ. ಟೂಲೊ ಕೊಲ್ಲಿಯ ಪಕ್ಕ, ಇಟಲಿಯ ಕರಾರ ಎಂಬ ಊರಿನಿಂದ ಬಂದ ಬಿಳಿ ಅಮೃತಶಿಲೆ ಹೊದ್ದ ಕಟ್ಟಡ. 1975ರಲ್ಲಿ 35 ದೇಶಗಳ ನಾಯಕರು ಯುರೋಪಿನ ಭದ್ರತೆ, ಸಹಕಾರದ ಬಗೆಗಿನ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿದ್ದು ಇಲ್ಲೇ. ಮರುವರ್ಷ ಆಲ್ಟೊ ತೀರಿಕೊಂಡರು.

ಕೆಲವೇ ವರ್ಷಗಳಲ್ಲಿ ಕಲ್ಲು ಬಾಗತೊಡಗಿತು. ಸುಮಾರು 3 ಸೆಂಟಿಮೀಟರ್ ದಪ್ಪದ ಚಪ್ಪಡಿಗಳು ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಸೊಟ್ಟಗಾದವು. ಓರೆಯಾಗಿ ಬೆಳಕು ಬಿದ್ದಾಗ ಇಡೀ ಗೋಡೆ ಹೆಣೆದ ಬುಟ್ಟಿಯಂತೆ ಕಾಣುತ್ತಿತ್ತು. ನೋಟದ ಮಾತು ಬಿಡಿ, ಬಾಗಿದ ಕಲ್ಲಿಗೆ ಬಲವೂ ಕಡಿಮೆ. ಕಳಚಿ ಬಿದ್ದರೆ ಕೆಳಗೆ ಜನ ಓಡಾಡುವ ಜಾಗ.

ಕಾರಣ ಕಲ್ಲಿನೊಳಗೇ ಇದೆ. ಅಮೃತಶಿಲೆ ಅಂದರೆ ಕ್ಯಾಲ್ಸೈಟ್ ಹರಳುಗಳ ಗುಂಪು. ಬಿಸಿಯಾದಾಗ ಈ ಹರಳು ಒಂದು ದಿಕ್ಕಿಗೆ ಹಿಗ್ಗುತ್ತದೆ, ಅಡ್ಡ ದಿಕ್ಕಿಗೆ ತುಸು ಕುಗ್ಗುತ್ತದೆ. ಪಕ್ಕಪಕ್ಕದ ಹರಳುಗಳು ಹೀಗೆ ಒಂದನ್ನೊಂದು ತಳ್ಳಿ ನಡುವಿನ ಹಿಡಿತ ಸಡಿಲವಾಗುತ್ತದೆ. ತಣ್ಣಗಾದ ಮೇಲೂ ಕಲ್ಲು ಪೂರ್ತಿ ಮೊದಲಿನ ಅಳತೆಗೆ ಬರುವುದಿಲ್ಲ. ತೇವ ಸೇರಿದರೆ ಇನ್ನೂ ಕಷ್ಟ. ಹೊರಮೈ, ಒಳಮೈ ಹಿಗ್ಗುವ ಪ್ರಮಾಣ ಬೇರೆಯಾದಾಗ ತೆಳು ಚಪ್ಪಡಿ ಬಾಗದೆ ಇನ್ನೇನಾಗುತ್ತದೆ? ಹರಳುಗಳ ಅಂಚು ನೇರವಾಗಿದ್ದರೆ ಬೇಗ ಜಾರುತ್ತವೆ. ಅಂಕುಡೊಂಕಾಗಿ ಒಂದಕ್ಕೊಂದು ಕಚ್ಚಿಕೊಂಡಿದ್ದರೆ ತಾಳುತ್ತವೆ. ಹಾಗಾಗಿ ಎಲ್ಲ ಅಮೃತಶಿಲೆಯೂ ಒಂದೇ ಅಲ್ಲ.

1990ರ ದಶಕದಲ್ಲಿ ವಾದ ಜೋರಾಯಿತು. ಗ್ರಾನೈಟ್ ಹಾಕೋಣ ಎಂದರು ಕೆಲವರು. ಅದರಲ್ಲಿ ಅರ್ಥವೂ ಇತ್ತು. ಫಿನ್‌ಲ್ಯಾಂಡ್ ಗ್ರಾನೈಟಿನ ನಾಡು, ಈ ಕಟ್ಟಡದಲ್ಲೇ ಕಪ್ಪು ಗ್ರಾನೈಟ್ ಇದೆ. ಷಿಕಾಗೊದಲ್ಲಿ ಇದೇ ಕರಾರ ಕಲ್ಲಿನ ಗಗನಚುಂಬಿಯೊಂದರ ಸುಮಾರು 43,000 ಚಪ್ಪಡಿ ತೆಗೆದು ಗ್ರಾನೈಟ್ ಹಾಕಿ ಆಗಿತ್ತು. ಆದರೆ ಫಿನ್‌ಲ್ಯಾಂಡಿಯಾ ಹಾಲ್ ಕಾನೂನಿನ ರಕ್ಷಣೆ ಪಡೆದ ಪರಂಪರೆಯ ಕಟ್ಟಡ. ಆಲ್ಟೊ ಬಯಸಿದ ಕಲ್ಲೇ ಇರಬೇಕು ಎಂಬ ವಾದ ಗೆದ್ದಿತು. 1997ರಿಂದ 1999ರವರೆಗೆ ಮತ್ತೆ ಕರಾರ ಅಮೃತಶಿಲೆಯನ್ನೇ ಕೂರಿಸಿದರು. ಅದೂ ಬಾಗಿತು.

ಬಿಳುಪು ಉಳಿಸಬೇಕೆಂಬ ಹಟ ತಪ್ಪಲ್ಲ. ಬೂದು ಬಣ್ಣದ ಫಿನ್‌ಲ್ಯಾಂಡಿಯಾ ಹಾಲ್ ಬೇರೆಯೇ ಕಟ್ಟಡ, ಅಲ್ವಾ? ಆದರೆ ಬಣ್ಣ ಉಳಿಸುವುದು ಬೇರೆ, ಅದೇ ಗಣಿಯ ಕಲ್ಲನ್ನು ಹಿಡಿದುಕೊಳ್ಳುವುದು ಬೇರೆ. ಈ ಎರಡನ್ನು ಬಿಡಿಸಿ ನೋಡಲು ಇನ್ನೂ ಎರಡು ದಶಕ ಹಿಡಿಯಿತು. 2022ರಲ್ಲಿ ಶುರುವಾದ ದುರಸ್ತಿಗೆ ಆರಿಸಿದ್ದು ಇಟಲಿಯದೇ, ಆದರೆ ಉತ್ತರದ ಆಲ್ಪ್ಸ್ ಬೆಟ್ಟಗಳ ಲಾಸಾ ಅಮೃತಶಿಲೆ.

ಬಾಗುವುದು ಮೊದಲ ಚಳಿಗಾಲದಲ್ಲೇ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಈ ಚಪ್ಪಡಿಗಳನ್ನು ವರ್ಷ ವರ್ಷ ಅಳೆಯಬೇಕು, ಆ ಅಂಕಿಗಳು ಎಲ್ಲರಿಗೂ ಸಿಗಬೇಕು. ತೆಳು ಅಮೃತಶಿಲೆ ಹೊದ್ದು ಬಾಗುತ್ತಿರುವ ಕಟ್ಟಡಗಳು ಬೇರೆ ಊರುಗಳಲ್ಲೂ ಇವೆ.